ಸಾಕಲಾರೆ ಎಂದು ಬಂದವರ ಮಾತು

(ಸೊಲ್ಲಾಪುರದಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಸಾಕಿದ ಪ್ರಾಣಿಯನ್ನು ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ ಎಂದು ಒಬ್ಬರು ಬಂದು ನಿಂತಾಗ ಅವರನ್ನು ಹೇಗೆ ಮಾತಾಡಿಸಬೇಕು? ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ. ಪ್ರಾಣಿ ರಕ್ಷಣೆ ಎಂದೊಡನೆ ಬಾವಿಗೆ ಬಿದ್ದ ನಾಯಿಯನ್ನು ಮೇಲೆತ್ತುವುದು, ಸಂಕ್ರಾಂತಿಯ ಮಾಂಜಾ ದಾರಕ್ಕೆ ಸಿಕ್ಕ ಹಕ್ಕಿಯನ್ನು ಬಿಡಿಸುವುದು ನೆನಪಾಗುತ್ತದೆ. ಅದು ಧೈರ್ಯದ ಕೆಲಸ. ಅದನ್ನು ಮಾಡುವ ಹುಡುಗ ಹುಡುಗಿಯರು ನಮ್ಮ ಊರಲ್ಲೂ ಇದ್ದಾರೆ, ಅವರಿಗೆ ಈ ಸಭೆಯ ಪರವಾಗಿ ಕೈ ಮುಗಿಯುತ್ತೇನೆ. ಆದರೆ ಮೇಲೆತ್ತಿದ ಪ್ರಾಣಿಯನ್ನು ಸಂಜೆ ಎಲ್ಲಿ ಇಡುವುದು, ನಾಳೆ ಯಾರಿಗೆ ಕೊಡುವುದು ಎಂಬುದಕ್ಕೆ ಧೈರ್ಯ ಒಂದೇ ಸಾಲದು. ಅಲ್ಲಿ ಬೇಕಾದದ್ದು ತಾಳ್ಮೆ, ಲೆಕ್ಕಪತ್ರ ಮತ್ತು ಎದುರಿಗೆ ಕೂತವರ ಮಾತನ್ನು ಕೊನೆಯವರೆಗೆ ಕೇಳುವ ಗುಣ. ಪಶುವೈದ್ಯನಾಗಿ ಈ ಸೀಮೆಯಲ್ಲಿ ಬದುಕು ಕಳೆದ ನನಗೆ ಹೇಳಬೇಕೆನಿಸಿರುವುದು ಇದೇ.

ನಮ್ಮ ಸೀಮೆಗೆ ಪ್ರಾಣಿಯ ಬಗ್ಗೆ ಪಾಠ ಹೇಳಬೇಕಾಗಿಲ್ಲ. ಅಕ್ಕಲಕೋಟೆಯ ಸ್ವಾಮಿ ಸಮರ್ಥರನ್ನು ದತ್ತಾತ್ರೇಯನ ಅವತಾರವೆಂದು ನಂಬಿ ಜನ ಬರುತ್ತಾರೆ. ದತ್ತನ ಪಟದಲ್ಲಿ ಹಿಂದೆ ಹಸು ನಿಂತಿರುತ್ತದೆ, ಕಾಲ ಬಳಿ ನಾಲ್ಕು ನಾಯಿಗಳಿರುತ್ತವೆ. ಇಲ್ಲೇ ಬಾಳೆ ಎಂಬ ಊರಿನ ಖಂಡೋಬಾ ಇದ್ದಾನೆ. ಅವನು ನಮ್ಮ ಮೈಲಾರಲಿಂಗನೇ. ಅವನ ಜೊತೆಗೂ ನಾಯಿ, ಅವನ ಭಕ್ತರಾದ ವಗ್ಗಯ್ಯಗಳು ನಾಯಿಯಂತೆ ಬೊಗಳಿ ಸೇವೆ ಮಾಡುತ್ತಾರೆ. ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ದನದ ಸಂತೆ ಇಲ್ಲದಿದ್ದರೆ ಕಳೆಯೇ ಇಲ್ಲ. ಇಷ್ಟಿದ್ದೂ ಜಾತ್ರೆ ಮುಗಿದ ಮರುದಿನ ಯಾತ್ರಾಸ್ಥಳದ ಹೊರವಲಯದಲ್ಲಿ ಕೊರಳಿಗೆ ಪಟ್ಟಿಯಿರುವ, ಮೈ ಒಣಗಿದ ನಾಯಿ ಕಾಣುತ್ತದೆ. ಪಟ್ಟಿ ಇದೆ ಎಂದರೆ ಅದಕ್ಕೊಂದು ಮನೆ ಇತ್ತು. ಅನ್ನ ಹೇರಳವಾಗಿರುವ ಊರಲ್ಲಿ ಬಿಟ್ಟರೆ ಬದುಕಿಕೊಳ್ಳುತ್ತದೆ ಎಂದು ಯಾರೋ ವಾಹನದಲ್ಲಿ ತಂದು ಇಳಿಸಿ ಹೋಗಿದ್ದಾರೆ. ಬಿಟ್ಟವರ ಲೆಕ್ಕದಲ್ಲಿ ಅದು ದಯೆ. ನಾಯಿಯ ಲೆಕ್ಕದಲ್ಲಿ, ಗುರುತಿಲ್ಲದ ಓಣಿ ಮತ್ತು ಆ ಓಣಿಯನ್ನು ಕಾಯುವ ಬೇರೆ ನಾಯಿಗಳ ಹಲ್ಲು.

ಕಾನೂನು ಏನು ಹೇಳುತ್ತದೆ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಕ್ರೌರ್ಯದ ಬಗೆಗಳ ಪಟ್ಟಿ ಇದೆ. ಸಕಾರಣವಿಲ್ಲದೆ, ಹಸಿವು ನೀರಡಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಹೋಗುವುದು ಅದರಲ್ಲೊಂದು. ಮೊದಲ ಸಲಕ್ಕೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಅರವತ್ತು ವರ್ಷ ದಾಟಿದರೂ ಆ ಅಂಕಿ ಹಾಗೆಯೇ ಇದೆ. ದಂಡ ಹೆಚ್ಚಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನ್ನನ್ನು ಹೆಚ್ಚು ಕಾಡುವುದು ಬೇರೆ. ಬಿಡಬಾರದು ಎಂದು ಕಾನೂನು ಹೇಳುತ್ತದೆ. ಸರಿ, ಬಿಡದೆ ಎಲ್ಲಿಗೆ ತರಬೇಕು? 2001ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಗೂ ಪ್ರಾಣಿ ದಯಾ ಸಂಘ ಇರಬೇಕು, ಅದಕ್ಕೆ ಚಿಕಿತ್ಸೆಯ ಜಾಗ, ಆಶ್ರಯದ ಜಾಗ ಇರಬೇಕು. ತಾಲೂಕಿನ ರೈತನಿಗೆ, ಬೀಡಿ ಸುತ್ತುವ ತಾಯಿಗೆ, ಬಾಡಿಗೆ ಮನೆಯ ಮಾಸ್ತರರಿಗೆ ಅಂಥ ಬಾಗಿಲು ಕಣ್ಣಿಗೆ ಕಾಣುವಂತೆ ಇರದಿದ್ದರೆ ಅವರು ಕತ್ತಲಲ್ಲಿ ಕೆಲಸ ಮುಗಿಸುತ್ತಾರೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1832ರ ಜೂನ್ ತಿಂಗಳು, ಮುಂಬಯಿ. ಬೇಸಿಗೆಯಲ್ಲಿ ಬೀದಿನಾಯಿಗಳನ್ನು ಕೊಲ್ಲುವ ಆಜ್ಞೆ ಕಂಪನಿ ಸರ್ಕಾರದ್ದು. ಕೊಂದ ಪ್ರತಿ ನಾಯಿಗೆ 8 ಆಣೆ ಇನಾಮು. ಇನಾಮಿನ ಆಸೆಗೆ ಪೊಲೀಸರು ಮನೆಬಾಗಿಲ ನಾಯಿಗಳಿಗೂ ಕೈ ಹಾಕಿದರು, ಅದೂ ಪಾರ್ಸಿಗಳ ಪವಿತ್ರ ದಿನದಂದು. ಪಾರ್ಸಿಗಳ ಧರ್ಮದಲ್ಲಿ ನಾಯಿಗೆ ಗೌರವದ ಸ್ಥಾನವಿದೆ. ಅವರು ಎದ್ದರು. ಮರುದಿನ ಅಂಗಡಿಗಳು ಮುಚ್ಚಿದವು, ಜೈನರು, ಹಿಂದೂಗಳು, ಮುಸಲ್ಮಾನರು ಸೇರಿಕೊಂಡರು, ಕೋಟೆಗೆ ಹೋಗಬೇಕಾದ ದಿನಸಿ ನಿಂತಿತು, ಸೈನ್ಯ ಬೀದಿಗಿಳಿಯಿತು. ಈ ಗಲಭೆಯ ಬೆನ್ನಿಗೇ 1834ರಲ್ಲಿ ಜಮಶೇಟಜಿ ಜೀಜೀಭಾಯಿ ಮತ್ತು ಅಮೀಚಂದ್ ಶಹಾ ಅವರ ಮುಂದಾಳತ್ವದಲ್ಲಿ ಮುಂಬಯಿ ಪಾಂಜರಾಪೋಳ ಹುಟ್ಟಿತು. ಕೊಲ್ಲಬೇಡಿ, ನಮಗೆ ಕೊಡಿ, ನಾವು ಸಾಕುತ್ತೇವೆ ಎಂದು ವ್ಯಾಪಾರಿ ಸಮಾಜ ಸರ್ಕಾರಕ್ಕೆ ಕೊಟ್ಟ ಉತ್ತರ ಅದು.

ಇದಾಗಿ ಇಪ್ಪತ್ತಾರು ವರ್ಷಕ್ಕೆ, 1860ರಲ್ಲಿ, ಲಂಡನ್ನಿನಲ್ಲಿ ಮೇರಿ ಟೀಲ್ಬಿ ಎಂಬ ಹೆಣ್ಣುಮಗಳು ದಿಕ್ಕಿಲ್ಲದ ನಾಯಿಗಳಿಗೆ ಒಂದು ಮನೆ ಮಾಡಿದರು. 1871ರಲ್ಲಿ ಅದು ಬ್ಯಾಟರ್ಸಿಗೆ ಹೋಗಿ ಇಂದಿಗೂ ಅಲ್ಲಿದೆ. ಆ ಮನೆಗೆ ಟೀಲ್ಬಿ ಇಟ್ಟ ಹೆಸರಿನಲ್ಲೇ ಅದು ತಾತ್ಕಾಲಿಕ ನೆಲೆ ಎಂದಿತ್ತು. ಇಲ್ಲಿ ಎರಡು ದಾರಿ ಕವಲೊಡೆಯುತ್ತವೆ, ದಯವಿಟ್ಟು ಗಮನಿಸಿ. ಪಾಂಜರಾಪೋಳದ ದಾರಿಯಲ್ಲಿ ಒಳಗೆ ಬಂದ ಪ್ರಾಣಿ ಸಾಯುವವರೆಗೆ ಅಲ್ಲೇ ಇರುತ್ತದೆ, ದಾನಿಗಳು ಮೇವು ಹಾಕುತ್ತಾರೆ. ನಮ್ಮ ಗೋಶಾಲೆಗಳು ಇದೇ ದಾರಿಯವು. ಬ್ಯಾಟರ್ಸಿಯ ದಾರಿಯಲ್ಲಿ ಪ್ರಾಣಿ ಬಂದದ್ದು ಇನ್ನೊಂದು ಮನೆಗೆ ಹೋಗಲಿಕ್ಕೆ. ಮೊದಲನೆಯದು ಮುದಿ ಎತ್ತಿಗೆ, ಕಾಲು ಮುರಿದ ಕತ್ತೆಗೆ ಯೋಗ್ಯ. ಎರಡನೆಯದು ಎಳೆ ನಾಯಿಗೆ, ಬೆಕ್ಕಿನ ಮರಿಗೆ ಯೋಗ್ಯ. ಈ ವ್ಯತ್ಯಾಸ ಮರೆತು ನಾಯಿಗಳನ್ನು ಗೋಶಾಲೆಯ ಕ್ರಮದಲ್ಲಿ ಕೂಡಿಹಾಕಿದ ಕಡೆಗಳಲ್ಲಿ ಏನಾಗುತ್ತದೆಂದು ಕಂಡಿದ್ದೇನೆ. ಇಪ್ಪತ್ತು ನಾಯಿಯ ಜಾಗದಲ್ಲಿ ಎಂಬತ್ತು, ಒಂದಕ್ಕೆ ಬಂದ ಭೇದಿ ಎಲ್ಲಕ್ಕೂ, ಅನ್ನ ಹಾಕುವ ಹೊತ್ತಿಗೆ ರಕ್ತ ಸುರಿಯುವ ಜಗಳ. ಅವೂ ದಯೆಯಿಂದಲೇ ಶುರುವಾದ ಜಾಗಗಳು.

ಬೆಂಗಳೂರಿನ ದಾರಿ ನಮ್ಮ ಕನ್ನಡಿಗರಿಗೆ ಹತ್ತಿರದ್ದು. 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ವೃದ್ಧೆ ಅಲ್ಲಿ ಕ್ಯೂಪಾ ಸಂಸ್ಥೆ ಹುಟ್ಟುಹಾಕಿದರು. ಇಂಗ್ಲೆಂಡಿನಿಂದ ಬಂದವರು, ಅದಕ್ಕೆ ಮೊದಲು ಜೈಪುರದಲ್ಲಿ ಇಂಥದೇ ಕೆಲಸ ಕಟ್ಟಿದ್ದವರು. ಬೀದಿಯಲ್ಲಿ ಗಾಯಗೊಂಡವುಗಳಿಗೆ ಒಂದು ವ್ಯವಸ್ಥೆ, ಮನೆಯಿಂದ ಹೊರಬಿದ್ದ ಸಾಕುನಾಯಿಗಳಿಗೆ ಮತ್ತೆ ಮನೆ ಹುಡುಕಲು ಬೇರೆಯೇ ಒಂದು ಕೇಂದ್ರ ಎಂದು ಅಲ್ಲಿ ಕೆಲಸ ಹಂಚಿಕೊಂಡರು. ಬೀದಿಯಲ್ಲಿ ಹುಟ್ಟಿದ ನಾಯಿಗೆ ಬೀದಿ ಗೊತ್ತು; ಸಂತಾನಹರಣ ಮಾಡಿ, ಹುಚ್ಚುರೋಗದ ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಟ್ಟರೆ ಬಾಳುತ್ತದೆ. ಮನೆಯಲ್ಲಿ ಬೆಳೆದದ್ದಕ್ಕೆ ರಸ್ತೆ ದಾಟುವುದೂ ಗೊತ್ತಿರುವುದಿಲ್ಲ. ಎರಡನ್ನೂ ಒಂದೇ ಪಂಜರದ ವಾಹನದಲ್ಲಿ ತುಂಬುವುದು ತಪ್ಪು.

ನಮ್ಮ ಜಿಲ್ಲೆಯಲ್ಲೇ ಒಂದು ಒಳ್ಳೆಯ ಮಾದರಿ ಇದೆ, ಅದು ನಾಯಿಯದಲ್ಲ, ಎತ್ತಿನದು. ಸಕ್ಕರೆ ಕಾರ್ಖಾನೆಗಳು ರಾಜ್ಯದಲ್ಲೇ ಅತಿ ಹೆಚ್ಚಿರುವ ಜಿಲ್ಲೆಗಳಲ್ಲಿ ನಮ್ಮದೊಂದು. ಹಂಗಾಮು ಶುರುವಾದರೆ ಕಬ್ಬಿನ ಗಾಡಿಗಳ ಸಾಲು. ಖಿಲಾರಿ ಎತ್ತಿನ ಹೆಗಲ ಮೇಲೆ ನೊಗ ತಿಕ್ಕಿ ಆದ ಹುಣ್ಣು, ಗೊರಸಿನಲ್ಲಿ ಸಿಕ್ಕ ಮೊಳೆ, ಮೂಗುದಾರ ಎಳೆದೆಳೆದು ಹರಿದ ಮೂಗು. ಅನಿಮಲ್ ರಾಹತ್ ಎಂಬ ಸಂಸ್ಥೆ 2003ರಿಂದ ಸಾಂಗಲಿ, ಸೊಲ್ಲಾಪುರ ಭಾಗದಲ್ಲಿ ಈ ದುಡಿಯುವ ಪ್ರಾಣಿಗಳ ನಡುವೆ ಕೆಲಸ ಮಾಡುತ್ತಿದೆ. ಅವರ ಕ್ರಮ ನೋಡಿ. ಕಾರ್ಖಾನೆಯ ಅಂಗಳಕ್ಕೇ ಹೋಗಿ ಚಿಕಿತ್ಸೆ ಕೊಡುತ್ತಾರೆ. ಗಾಡಿಯವನ ಜೊತೆ ಮೊದಲು ಸ್ನೇಹ ಬೆಳೆಸುತ್ತಾರೆ. ಎತ್ತು ಇನ್ನು ಎಳೆಯಲಾರದು ಎಂದಾದಾಗ ಅದನ್ನು ಬಿಟ್ಟುಕೊಡುವಂತೆ ಮನವೊಲಿಸಿ ತಮ್ಮ ಆಶ್ರಯಧಾಮಕ್ಕೆ ಒಯ್ಯುತ್ತಾರೆ. ಇಟ್ಟಿಗೆ ಭಟ್ಟಿಗಳ ಕತ್ತೆಗಳ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಕತ್ತೆಯ ಬದಲು ಟ್ರ್ಯಾಕ್ಟರಿನಿಂದ ಮಣ್ಣು, ಇಟ್ಟಿಗೆ ಸಾಗಿಸಲು ಭಟ್ಟಿಯವರಿಗೆ ನೆರವಾದರು. ಕತ್ತೆಗಳನ್ನು ಒಪ್ಪಿಸಬೇಕು, ಮತ್ತೆ ಪ್ರಾಣಿಗಳನ್ನು ಆ ಕೆಲಸಕ್ಕೆ ಹಚ್ಚಬಾರದು ಎಂಬುದು ಕರಾರು. ಕತ್ತೆಯ ಜೊತೆ ಕತ್ತೆಯವನ ಹೊಟ್ಟೆಯ ವಿಚಾರವನ್ನೂ ಮಾಡಿದ್ದರಿಂದ ಆ ಕರಾರು ನಿಂತಿತು.

2015ರ ಮಾರ್ಚಿನಲ್ಲಿ ಮಹಾರಾಷ್ಟ್ರದಲ್ಲಿ ಹೋರಿ, ಎತ್ತುಗಳ ವಧೆಗೂ ನಿಷೇಧ ಬಂತು. ಅಂದಿನಿಂದ ಮುದಿ ಎತ್ತಿಗೆ ಗಿರಾಕಿ ಇಲ್ಲ. ಬರಗಾಲದಲ್ಲಿ ದಿನದ ಮೇವಿಗೆ ದುಡ್ಡು ಹೊಂದಿಸಲಾಗದ ಒಣಬೇಸಾಯದ ರೈತನಿಗೆ ಅದನ್ನು ಸಾಯುವವರೆಗೆ ಸಾಕುವ ಉಪದೇಶ ಮಾಡುವುದು ಸುಲಭ. ಅವನು ಹಗ್ಗ ಬಿಚ್ಚಿ ರಾತ್ರಿ ಹೆದ್ದಾರಿಗೆ ಬಿಟ್ಟರೆ ಬೈಯುವುದು ಇನ್ನೂ ಸುಲಭ. ಹಗಲಿನಲ್ಲಿ, ತಲೆ ತಗ್ಗಿಸದೆ ಬಂದು ಒಪ್ಪಿಸುವ ಜಾಗ ಮಾಡಿಕೊಡುವುದು ಕಷ್ಟದ ಕೆಲಸ, ಮಾಡಬೇಕಾದ ಕೆಲಸವೂ ಅದೇ.

ಈಗ ಪ್ರಾಣಿಯನ್ನು ಒಪ್ಪಿಸಲು ಬಂದವರು ಕೂರುವ ಮೇಜಿನ ಮುಂದೆ ಬರೋಣ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯವರು ಒಂದು ಕರಿ ಹೆಣ್ಣುನಾಯಿಯನ್ನು ನನ್ನ ಬಳಿ ತಂದಿದ್ದರು. "ಇದನ್ನ ಎಲ್ಯಾರ ಹಚ್ಚಿಬಿಡ್ರಿ ಸಾಹೇಬ್ರ, ಇನ್ನ ನನ್ನ ಕಡಿಂದ ಆಗೂದಿಲ್ಲ" ಎಂದರು. ಪಕ್ಕದಲ್ಲಿದ್ದ ನಮ್ಮ ಕಾರ್ಯಕರ್ತೆ, ಚಿಕ್ಕ ವಯಸ್ಸಿನವಳು, ಮಕ್ಕಳನ್ನಾದರೆ ಹೀಗೆ ಬಿಡುತ್ತಿದ್ದಿರಾ ಎಂದು ಕೇಳಲು ಬಾಯಿ ತೆರೆದಳು. ನಾನು ಕೈಸನ್ನೆಯಿಂದ ತಡೆದೆ, ಏಕೆಂದರೆ ನನ್ನ ಕಣ್ಣು ನಾಯಿಯ ಕೊರಳಿನ ಮೇಲಿತ್ತು. ಸೆಣಬಿನ ಹಗ್ಗ. ಆದರೆ ಕೊರಳಿಗೆ ತಾಗುವಷ್ಟು ಉದ್ದಕ್ಕೆ ಹಳೆಯ ಸೊಲ್ಲಾಪುರಿ ಚಾದರದ ಪಟ್ಟಿ ಹರಿದು ಸುತ್ತಿ, ಸೂಜಿ ದಾರದಿಂದ ಹೊಲಿದಿದ್ದರು. ಕೂದಲು ಉದುರಬಾರದು, ಚರ್ಮ ತಿಕ್ಕಬಾರದು ಎಂದು ಯಾರೋ ಕೂತು ಮಾಡಿದ ಕೆಲಸ.

"ಹೆಸರೇನ್ರಿ ಇಕೀದು?" ಎಂದು ಕೇಳಿದೆ.

"ಕಾಳಿ ಅಂತೀವ್ರಿ. ನಮ್ಮಾಕಿ ಇಟ್ಟ ಹೆಸರು."

"ಏನ್ ತ್ರಾಸ ಆಗೇದ?"

"ವರ್ಷಕ್ಕ ಎರಡ ಸಲ ಈಯ್ತಾಳ್ರಿ. ಗಂಡ ನಾಯಿ ಬಂದ ಬಾಗಿಲಾಗ ಜಗಳ ಮಾಡ್ತಾವ. ಓಣಿ ಮಂದಿ ಕಲ್ಲ ಒಗೀತಾರ. ಮರಿ ಯಾರೂ ಒಯ್ಯಂಗಿಲ್ಲ, ಹೋದ ಸಲ ಐದೂ ಸತ್ತೂವ್ರಿ. ಅದನ್ನ ನೋಡಾಕ ಆಗೂದಿಲ್ಲ."

ಅವರಿಗೆ ಬೇಡವಾದದ್ದು ನಾಯಿಯಲ್ಲ, ನಾಯಿಯ ಸಂತಾನ. ಆಪರೇಷನ್ ಮಾಡಿಸಿದರೆ ಈ ತೊಂದರೆಯೆಲ್ಲ ನಿಲ್ಲುತ್ತದೆ ಎಂಬ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ಗರ್ಭಕೋಶ ತೆಗೆಸಿದರೆ ನಾಯಿ ಮಂಕಾಗುತ್ತದೆ, ಮನೆ ಕಾಯುವುದಿಲ್ಲ ಎಂದು ಕೇಳಿದ್ದರು. ಅದು ಹಾಗಲ್ಲವೆಂದು ವಿವರಿಸಿದೆವು, ಗರ್ಭದ ಸೋಂಕು ಬರುವುದಿಲ್ಲ, ಮೊಲೆಯ ಗಂಟಿನ ಭಯ ಕಡಿಮೆಯಾಗುತ್ತದೆ ಎಂದೂ ಹೇಳಿದೆವು. ಹೊಲಿಗೆ ಒಣಗುವವರೆಗೆ ನಾವು ಇಟ್ಟುಕೊಂಡು ಕಳಿಸಿದೆವು. ಕಾಳಿ ತನ್ನ ಮನೆಗೇ ಹೋದಳು. ಆ ದಿನ ಬೈದು ಕಳಿಸಿದ್ದರೆ ಅವರು ವಾಪಸು ಹೋಗುವ ದಾರಿಯಲ್ಲಿ ಎಲ್ಲೋ ಹಗ್ಗ ಬಿಚ್ಚುತ್ತಿದ್ದರು. ಏನೂ ಕೇಳದೆ ನಾಯಿಯನ್ನು ಪಡೆದಿದ್ದರೆ ನಮ್ಮಲ್ಲಿ ಒಂದು ಪಂಜರ ತುಂಬುತ್ತಿತ್ತು, ಒಂದು ಮನೆ ಬರಿದಾಗುತ್ತಿತ್ತು.

ಅದಕ್ಕೆ ಹೇಳುತ್ತೇನೆ: ಕೊಡಲು ಬಂದವರನ್ನು ಮೊದಲು ಕೂರಿಸಿ, ನೀರು ಕೊಡಿ. ಕಾರಣದ ಹಿಂದಿನ ಕಾರಣ ಕೇಳಿ. ಅಪಾರ್ಟ್‌ಮೆಂಟಿನ ಸೊಸೈಟಿ ನಾಯಿ ಬೇಡ ಅನ್ನುತ್ತಿದೆಯೇ? ಬಹುಮತದ ಠರಾವಿನಿಂದಲೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ತಿಳಿಸಿದೆ, ಆ ಸುತ್ತೋಲೆಯ ಪ್ರತಿ ಕೈಗಿಟ್ಟರೆ ಎಷ್ಟೋ ನಾಯಿಗಳು ಮನೆಯಲ್ಲೇ ಉಳಿಯುತ್ತವೆ. ಮನೆಯಲ್ಲಿ ಹೆರಿಗೆಯೇ? ಆಸ್ಪತ್ರೆಯ ವಾಸವೇ? ಕೆಲವು ವಾರ ಯಾರಾದರೂ ನೋಡಿಕೊಂಡರೆ ಸಾಕಾಗುತ್ತದೆ. ಮನೆ ಬದಲಾಯಿತೇ? ಕುಂಭಾರಿಯ ರೇ ನಗರದಲ್ಲಿ ಬೀಡಿ ಕಾರ್ಮಿಕರಿಗೆ, ಇತರ ಅಸಂಘಟಿತ ಕಾರ್ಮಿಕರಿಗೆ 2024ರ ಜನವರಿಯಲ್ಲಿ ಹದಿನೈದು ಸಾವಿರ ಮನೆಗಳ ಹಸ್ತಾಂತರವಾಯಿತು. ಅಷ್ಟು ದೊಡ್ಡ ವಲಸೆ ನಡೆಯುವಾಗ ಹಳೆ ಓಣಿಯ ನಾಯಿ ಬೆಕ್ಕುಗಳ ವಿಚಾರವನ್ನೂ ಒಂದು ಸಭೆಯಲ್ಲಿ ಎತ್ತಬೇಕು. ಕಚ್ಚಿದೆಯೇ? ಹಾಗಿದ್ದರೆ ಮೊದಲು ಕಚ್ಚಿಸಿಕೊಂಡವರನ್ನು ಸಾಬೂನು ನೀರಿನಿಂದ ಗಾಯ ತೊಳೆಸಿ ಲಸಿಕೆಗೆ ಕಳಿಸಿ. ನಾಯಿಯನ್ನು ಹತ್ತು ದಿನ ನಿಗಾದಲ್ಲಿಡಿ. ಕಚ್ಚಿದ ಸಂಗತಿಯನ್ನು ಮುಚ್ಚಿಟ್ಟು ಇನ್ನೊಂದು ಮನೆಗೆ ಕೊಡುವುದು ಆ ಮನೆಯ ಮಗುವಿಗೆ ಮಾಡುವ ದ್ರೋಹ.

ಇದೆಲ್ಲ ಆದ ಮೇಲೂ ಇಟ್ಟುಕೊಳ್ಳಲಾಗದು ಎಂದರೆ ಗೌರವದಿಂದ ಪಡೆಯಿರಿ. ಒಡೆತನ ಬಿಟ್ಟುಕೊಟ್ಟ ಬಗ್ಗೆ ಸಹಿ ಬೇಕು, ಇಲ್ಲದಿದ್ದರೆ ಆರು ತಿಂಗಳ ಮೇಲೆ ಬಂದು ನಮ್ಮ ನಾಯಿ ಎನ್ನುತ್ತಾರೆ. ಲಸಿಕೆಯ ಪುಸ್ತಕ ಬೇಕು. ಅದು ಏನು ತಿನ್ನುತ್ತದೆ, ಯಾವ ಶಬ್ದಕ್ಕೆ ಹೆದರುತ್ತದೆ, ಯಾವ ಭಾಷೆ ತಿಳಿಯುತ್ತದೆ ಎಂಬುದೂ ಬೇಕು. ಕೊನೆಯದು ನಮ್ಮಂಥ ಊರಲ್ಲಿ ಸಣ್ಣ ವಿಷಯವಲ್ಲ. ಸೊಲ್ಲಾಪುರ ನಗರದ ಪೂರ್ವಭಾಗದ ತೆಲುಗು ಮನೆಯಲ್ಲಿ ಬೆಳೆದ ನಾಯಿ ಮರಾಠಿ ಮನೆಗೆ ಹೋಗಿ, ಕೂತುಕೋ ಎಂದದ್ದು ತಿಳಿಯದೆ ಹಟಮಾರಿ ಅನ್ನಿಸಿಕೊಳ್ಳುತ್ತದೆ. ಅದರ ಹೊದಿಕೆಯೋ ತಟ್ಟೆಯೋ ಜೊತೆಗೆ ಬರಲಿ. ಹಳೆಯ ವಾಸನೆ ಅದಕ್ಕೆ ಹೊಸ ಜಾಗದಲ್ಲಿ ಧೈರ್ಯ.

ಹಳೆ ಮನೆಗೂ ಹೊಸ ಮನೆಗೂ ನಡುವಿನ ಆಶ್ರಯದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಕ್ಷಣೆಯ ಕೆಲಸದವರು ಇದನ್ನು ಫಾಸ್ಟರ್ ಅನ್ನುತ್ತಾರೆ. ಹೆರಿಗೆಗೆ ತವರಿಗೆ ಬಂದ ಮಗಳನ್ನು ತಾಯಿ ಹೇಗೆ ನೋಡಿಕೊಳ್ಳುತ್ತಾಳೋ ಹಾಗೆ ಇದು: ಪ್ರೀತಿಗೆ ಕಡಿಮೆ ಇಲ್ಲ, ಕಳಿಸಿಕೊಡಬೇಕು ಎಂಬುದೂ ಮೊದಲ ದಿನದಿಂದ ಗೊತ್ತು. ಸಣ್ಣ ಊರಿಗೆ ದೊಡ್ಡ ಶೆಲ್ಟರಿಗಿಂತ ಹತ್ತು ಫಾಸ್ಟರ್ ಮನೆ ಮೇಲು ಎಂದು ನಾನು ಹೇಳುವುದು ರೋಗದ ಕಾರಣದಿಂದ. ಪಾರ್ವೋ ಎಂಬ ವೈರಸ್ಸು ಮರಿಗಳಿಗೆ ರಕ್ತಭೇದಿ ತರುತ್ತದೆ. ಒಮ್ಮೆ ನೆಲಕ್ಕೆ ಬಿದ್ದರೆ ತಿಂಗಳುಗಟ್ಟಲೆ ಬದುಕಿರುತ್ತದೆ, ಬರಿಯ ಫಿನೈಲಿಗೆ ಸಾಯುವುದಿಲ್ಲ, ಬ್ಲೀಚಿಂಗ್ ಬೇಕು. ಇಂದು ಪೇಟೆಯಲ್ಲಿ ಸಿಕ್ಕ ಮರಿಯನ್ನು ನಾಳೆ ಇತರ ಮರಿಗಳ ಗುಂಪಿಗೆ ಸೇರಿಸಿದರೆ ವಾರದೊಳಗೆ ಎಲ್ಲವನ್ನೂ ಹೂಳಬೇಕಾಗಬಹುದು. ಆದ್ದರಿಂದ ಹೊಸತಾಗಿ ಬಂದದ್ದಕ್ಕೆ ಕನಿಷ್ಠ ಎರಡು ವಾರ ಪ್ರತ್ಯೇಕ ಜಾಗ, ಪ್ರತ್ಯೇಕ ತಟ್ಟೆ, ನೋಡಿಕೊಳ್ಳುವವರ ಚಪ್ಪಲಿಯೂ ಪ್ರತ್ಯೇಕ. ಬೇರೆ ನಾಯಿಗಳಿಲ್ಲದ ಮನೆಯ ಬಚ್ಚಲಿನ ಪಕ್ಕದ ಕೋಣೆ ಇದಕ್ಕೆ ಸಾಕು. ಬೇಸಿಗೆಯಲ್ಲಿ ನಮ್ಮಲ್ಲಿ ಉಣ್ಣೆ ಜ್ವರದ ಕಾಟ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನವೂ ಹುಡುಕಬೇಕು, ಒಸಡು ಬೆಳ್ಳಗಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಫಾಸ್ಟರ್ ಮನೆಯವರ ಹೆಗಲ ಮೇಲೆ ಖರ್ಚು ಹೇರಬಾರದು. ಆಹಾರ, ಔಷಧಿ ಸಂಸ್ಥೆಯದು. ಸಮಯ, ಜಾಗ ಅವರದು. ಎಷ್ಟು ದಿನ ಎಂದು ಮೊದಲೇ ಬರೆದುಕೊಡಬೇಕು. ಒಂದು ವಾರ ಎಂದು ಹೇಳಿ ಒಂದು ವರ್ಷ ಫೋನೆತ್ತದ ಸಂಸ್ಥೆಗಳಿಂದ ಒಳ್ಳೆಯ ಮನೆಗಳು ಶಾಶ್ವತವಾಗಿ ಮುಚ್ಚಿಹೋಗುತ್ತವೆ. ಅವರೂ ತಮ್ಮಷ್ಟಕ್ಕೆ ತಾವೇ ನೆಂಟರಿಗೋ ಗೆಳೆಯರಿಗೋ ಪ್ರಾಣಿಯನ್ನು ದಾಟಿಸಬಾರದು. ಕೊನೆಗೆ ಬಿಡಲಾರದೆ ತಾವೇ ಇಟ್ಟುಕೊಂಡರೆ ಸಂತೋಷ, ಆದರೆ ಅವರೂ ಬೇರೆಯವರಂತೆಯೇ ಅರ್ಜಿ ತುಂಬಲಿ.

ದತ್ತು ಕೊಡುವಾಗ ನಮ್ಮವರು ಮಾಡುವ ಆತುರ ನನ್ನನ್ನು ಸಂಕಟಕ್ಕೆ ಈಡುಮಾಡುತ್ತದೆ. ಅಡಾಪ್ಷನ್ ಶಿಬಿರದಲ್ಲಿ ಮರಿಗೆ ರಿಬ್ಬನ್ ಕಟ್ಟಿ, ಬಂದವರ ಕೈಗಿಟ್ಟು ಫೋಟೊ ತೆಗೆದರೆ ಸಂಖ್ಯೆ ಬೆಳೆಯುತ್ತದೆ. ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಕೂಡದು, ಮಾರಾಟಕ್ಕೇ ಸರ್ಕಾರ ಆ ಮಿತಿ ಹಾಕಿರುವಾಗ ದಾನಕ್ಕೆ ಕಡಿಮೆ ಮಿತಿ ಇರಬಾರದು. ಮಗುವಿನ ಹುಟ್ಟುಹಬ್ಬಕ್ಕೆ ಎಂದು ಬಂದವರಿಗೆ ಹಬ್ಬ ಕಳೆದು ಬನ್ನಿ ಅನ್ನಿ. ಮನೆಯ ಪ್ರತಿಯೊಬ್ಬರೂ ಒಪ್ಪಿದ್ದಾರೆಯೇ, ಮುಖ್ಯವಾಗಿ ದಿನವೂ ಗಲೀಜು ಬಳಿಯಬೇಕಾದ ಸೊಸೆ ಒಪ್ಪಿದ್ದಾಳೆಯೇ ಎಂದು ಅವಳನ್ನೇ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರ ಮಾತು ಬೇಕು. ಒಮ್ಮೆ ಮನೆಗೆ ಹೋಗಿ ನೋಡಿ. ಶ್ರೀಮಂತಿಕೆ ಅಳೆಯಲು ಹೋಗಬೇಡಿ, ನೆರಳು ಎಲ್ಲಿದೆ, ಮಾಳಿಗೆಗೆ ಕಟ್ಟೆ ಇದೆಯೇ, ಏಪ್ರಿಲ್ ಮೇ ಮಧ್ಯಾಹ್ನ ಅದು ಎಲ್ಲಿ ಮಲಗುತ್ತದೆ ಎಂದು ನೋಡಿ. ನಲವತ್ತೆರಡು, ನಲವತ್ತಮೂರು ಡಿಗ್ರಿಯ ಸೊಲ್ಲಾಪುರಕ್ಕೆ ಹಿಮದ ನಾಡಿನ ಹಸ್ಕಿ ತಂದು ತಗಡಿನ ಕೆಳಗೆ ಕಟ್ಟಿದವರಿದ್ದಾರೆ.

ತಳಿಯ ಹುಚ್ಚಿನ ಬಗ್ಗೆ ಒಂದು ಮಾತು. ಮುಧೋಳ ನಾಯಿ ನಮ್ಮ ಹೆಮ್ಮೆ. ಘೋರ್ಪಡೆ ರಾಜಮನೆತನ ಉಳಿಸಿದ ತಳಿ. ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರ ಇದೆ, ಸೈನ್ಯವೂ ಅದಕ್ಕೆ ತರಬೇತಿ ಕೊಟ್ಟಿದೆ. 2020ರ ಆಗಸ್ಟಿನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯವರು ಅದರ ಹೆಸರೆತ್ತಿದ ಮೇಲೆ ಊರೂರಲ್ಲಿ ಬೇಡಿಕೆ ಬಂತು. ಮೊಲದ ಹಿಂದೆ ಬಯಲು ದಾಟಲು ಹುಟ್ಟಿದ ಪ್ರಾಣಿಯನ್ನು ಎರಡು ಕೋಣೆಯ ಮನೆಯಲ್ಲಿ ಸರಪಳಿಗೆ ಹಾಕಿದರೆ ಅದು ಬಾಗಿಲು ಕೆರೆಯುತ್ತದೆ, ಮಾಲೀಕ ಬೇಸರಪಡುತ್ತಾನೆ, ಆಮೇಲೆ ನಮ್ಮ ಬಳಿ ಬರುತ್ತಾನೆ. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ 23 ತಳಿಗಳನ್ನು ನಿಷೇಧಿಸುವ ಸುತ್ತೋಲೆ ಹೊರಡಿಸಿತು, ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಇಂಥ ಸುದ್ದಿ ಹಬ್ಬಿದಾಗ ಭಯಬಿದ್ದ ಮಾಲೀಕ ಪ್ರಾಣಿಯನ್ನು ರಾತ್ರೋರಾತ್ರಿ ಸಾಗಿಸಲು ನೋಡುತ್ತಾನೆ. ಆ ಹೊತ್ತಿಗೆ ಸರಿಯಾದ ಮಾಹಿತಿ ಹೇಳುವ ಒಂದು ಫೋನ್ ನಂಬರು ಊರಲ್ಲಿರಬೇಕು.

ಕೊಟ್ಟ ಮೇಲೆ ಮರೆಯಬಾರದು. ಮೊದಲ ಮೂರು ದಿನ ನಾಯಿ ಉಣ್ಣದಿರಬಹುದು, ಮಂಚದ ಕೆಳಗೆ ಕೂರಬಹುದು. ದಿನಚರಿ ಅರ್ಥವಾಗಲು ಸುಮಾರು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು ಬೇಕೆಂಬುದು ಈ ಕೆಲಸದವರ ಅನುಭವ. ಮೂರನೇ ದಿನವೇ ವಾಪಸು ತರುವವರು ಬಹಳ, ಆ ದಿನ ಒಂದು ಫೋನು ಹೋದರೆ ತಡೆಯಬಹುದು. ಸಂತಾನಹರಣದ ತಾರೀಖು ಕರಾರಿನಲ್ಲೇ ಇರಲಿ. ಯಾವ ಕಾರಣಕ್ಕಾದರೂ ಬೇಡವಾದರೆ ಬೀದಿಗೆ ಬಿಡದೆ ನಮಗೇ ಮರಳಿಸಬೇಕು, ನಾವು ಪ್ರಶ್ನಿಸದೆ ಪಡೆಯುತ್ತೇವೆ ಎಂಬ ಸಾಲು ದಪ್ಪಕ್ಷರದಲ್ಲಿರಲಿ.

ದತ್ತು ಪಡೆದದ್ದನ್ನು ಬೀದಿಗೆ ಬಿಡಬಾರದು ಎಂಬ ಮಾತು ಈಗ ನ್ಯಾಯಾಲಯದ ಆದೇಶದ ತೂಕ ಪಡೆದಿದೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ದ್ವಿಸದಸ್ಯ ಪೀಠ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಲು ಹೇಳಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿ, ಹುಚ್ಚುರೋಗದವು ಮತ್ತು ಆಕ್ರಮಣಕಾರಿಯಾದವನ್ನು ಬಿಟ್ಟು ಉಳಿದವನ್ನು ಲಸಿಕೆ, ಸಂತಾನಹರಣದ ನಂತರ ಹಿಡಿದ ಜಾಗಕ್ಕೇ ಬಿಡಬೇಕೆಂದಿತು, ವಿಚಾರಣೆಯನ್ನು ದೇಶಕ್ಕೆಲ್ಲ ವಿಸ್ತರಿಸಿತು. ಬೀದಿನಾಯಿಯನ್ನು ದತ್ತು ಪಡೆಯಲು ನಗರಸಂಸ್ಥೆಗೆ ಅರ್ಜಿ ಹಾಕಬಹುದು, ಪಡೆದದ್ದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆ ಎಂದೂ ಹೇಳಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂಬ ಆದೇಶ ಬಂತು. ಅಂಥ ಆಶ್ರಯತಾಣಗಳನ್ನು ಕಟ್ಟಬೇಕಾದ ಒತ್ತಡ ಪುರಸಭೆಗಳ ಮೇಲಿದೆ. ಜಾಗ ತೆರವು ಮಾಡಲು ದತ್ತುಸಂಖ್ಯೆ ಹೆಚ್ಚಿಸುವ ಆಸೆ ಅಲ್ಲಿ ಹುಟ್ಟುವುದು ಸಹಜ. ನಾವು ಗಟ್ಟಿಯಾಗಿ ನಿಂತು, ಸಿದ್ಧವಿಲ್ಲದ ಮನೆಗೆ ಕೊಡಬೇಡಿ ಎನ್ನಬೇಕು.

ನಾನ್ನಜದ ಹುಲ್ಲುಗಾವಲನ್ನು ಇಲ್ಲಿ ನೆನೆಯದಿದ್ದರೆ ನನ್ನ ಮಾತು ಅಪೂರ್ಣ. ಮಾಳಢೋಕ ಎಂಬ ಹಕ್ಕಿಗಾಗಿ, ಅಂದರೆ ನಮ್ಮ ಎರೆಭೂತನಿಗಾಗಿ, 1979ರಲ್ಲಿ ಘೋಷಿಸಿದ ಅಭಯಾರಣ್ಯ ಅದು. ನಗರದಿಂದ ಸುಮಾರು ಇಪ್ಪತ್ತು ಕಿಲೋಮೀಟರು. ಬರೀ ಬಯಲು, ಯಾರಿಗೂ ತೊಂದರೆಯಿಲ್ಲ ಎಂದು ಬೇಡವಾದ ನಾಯಿಗಳನ್ನು ಅಂಥ ಕಡೆ ಬಿಡುವ ಅಭ್ಯಾಸ ನಿಲ್ಲಬೇಕು. ನೆಲದ ಮೇಲೆ, ಅದೂ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ ಹಕ್ಕಿ ಎರೆಭೂತ. ನಾಯಿಗಳು ಕೃಷ್ಣಮೃಗದ ಮರಿಗಳನ್ನು ಅಟ್ಟಿ ಹಿಡಿಯುತ್ತವೆ, ತೋಳಗಳಿಗೆ ಡಿಸ್ಟೆಂಪರ್ ರೋಗ ಅಂಟಿಸುತ್ತವೆ. ಪುಣೆಯ ಬಳಿ ತೋಳಕ್ಕೂ ನಾಯಿಗೂ ಹುಟ್ಟಿದ ಮಿಶ್ರ ಪೀಳಿಗೆ ಇರುವುದನ್ನು ಸಂಶೋಧಕರು ಖಚಿತಪಡಿಸಿದ್ದಾರೆ. ಬಯಲಿನ ತೋಳ ಹೀಗೆ ಕರಗಿಹೋದರೆ ಮರಳಿ ತರಲಾಗದು.

ಈ ಕೆಲಸಕ್ಕೆ ಕೋಟಿ ರೂಪಾಯಿಯ ಕಟ್ಟಡ ಮೊದಲು ಬೇಡ. ಅಕ್ಕಲಕೋಟೆಯಲ್ಲಿ ವಾರದ ಸಂತೆಯ ದಿನ ಪಶು ದವಾಖಾನೆಯ ಬಳಿ ಒಂದು ಮೇಜು, ಎರಡು ಕುರ್ಚಿ, ಕನ್ನಡ ಮರಾಠಿ ಎರಡೂ ಬಲ್ಲ ಒಬ್ಬರು. ಸೊಲ್ಲಾಪುರದಲ್ಲಿ ಅಂಥದೇ ಇನ್ನೊಂದು, ಅಲ್ಲಿ ತೆಲುಗು, ಉರ್ದು ಬಲ್ಲವರೂ ಬೇಕು. ಗಡ್ಡಾ ಜಾತ್ರೆಯ ದನದ ಸಂತೆಯಲ್ಲಿ ಅಷ್ಟೂ ದಿನ ಒಂದು ಮಳಿಗೆ. ಅರ್ಜಿ, ಕರಾರು ಪತ್ರಗಳು ನಾಲ್ಕೂ ಭಾಷೆಗಳಲ್ಲಿರಬೇಕು. ಓದಲಾಗದ ಭಾಷೆಯಲ್ಲಿರುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಕರಾರು ಮುರಿದರು ಎಂದು ದೂರುವುದು ನ್ಯಾಯವಲ್ಲ. ಫಾಸ್ಟರ್ ಮನೆಗಳ ಪಟ್ಟಿ ಒಂದು ನೋಟುಪುಸ್ತಕದಲ್ಲಿ ಶುರುವಾಗಲಿ, ಮೊದಲಿಗೆ ಐದು ಮನೆ ಸಿಕ್ಕರೂ ಸಾಕು.

ಕನ್ನಡದ ಅರ್ಜಿಯ ಕರಡು ನಾನು ತಂದಿದ್ದೇನೆ. ಬಿಟ್ಟುಕೊಡುವವರದು ಒಂದು ಪುಟ, ಫಾಸ್ಟರ್ ಮನೆಯದು ಒಂದು, ದತ್ತು ಪಡೆಯುವವರದು ಎರಡು. ನನ್ನ ಭಾಷೆ ದವಾಖಾನೆಯದು, ಸ್ವಲ್ಪ ಒರಟು. ಇಲ್ಲಿರುವ ಕನ್ನಡ ಶಾಲೆಯ ಗುರುಗಳು ಅದನ್ನು ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಓದಿ ಹೇಳಿದರೆ ತಿಳಿಯುವಂತೆ ತಿದ್ದಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಸಂಕ್ರಾಂತಿಗೆ ಮೊದಲು ಅಚ್ಚಾಗಬೇಕು. ಹೆಸರು ಕೊಡುವವರು ಸಭೆ ಮುಗಿದ ಕೂಡಲೇ ವೇದಿಕೆಯ ಎಡಬದಿಗೆ ಬನ್ನಿ, ನಾನು ಅಲ್ಲೇ ಇರುತ್ತೇನೆ.